ಸಾಫು ಮಾಡಿದ ಕ್ಯಾಸೆಟ್ಟು

ಅಜ್ಜಂಪುರದ ಜಮಾಲ್ ಸಾಬರಿಗೆ ಧೂಳೆಂದರೆ ಹಗೆ. ಮದುವೆ ಮನೆಯವರು ಮೈಕ್ ಸೆಟ್ ಕೇಳಿಕೊಂಡು ಬಂದರೆ ಅವರು ಮೊದಲು ವಿಚಾರಿಸುತ್ತಿದ್ದದ್ದು ಮುಹೂರ್ತವನ್ನಲ್ಲ, ಚಪ್ಪರದ ಹತ್ತಿರ ರಾಗಿ ಕಣವೇನಾದರೂ ಇದೆಯೇ ಎಂದು. ಇದೆ ಎಂದರೆ ಹಾರ್ನನ್ನು ಮಾತ್ರ ಮರಕ್ಕೆ ಕಟ್ಟಿ, ಗ್ರಾಮಫೋನಿನ ಪ್ಲೇಟು ತಿರುಗಿಸುವ ಯಂತ್ರವನ್ನು ಒಳಮನೆಯ ಮೂಲೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಕೈಯಲ್ಲಿ ಸದಾ ಒಂದು ಹಳೆಯ ಬನಿಯನ್ ಬಟ್ಟೆ. ಪ್ಲೇಟನ್ನು ಹಾಕುವ ಮೊದಲು ಒರೆಸಬೇಕು, ತೆಗೆದ ಮೇಲೆ ಒರೆಸಬೇಕು, ಕವರಿಗೆ ಸೇರಿಸುವಾಗ ಉಫ್ ಎಂದು ಊದಬೇಕು. 'ಮದುವಣಗಿತ್ತಿಗೆ ಅರಿಶಿನ ಹಚ್ಚೋಕಿಂತ ಹೆಚ್ಚು ಹೊತ್ತು ನಿಮ್ಮ ಸಾಬ್ರು ಪ್ಲೇಟು ಒರೆಸ್ತಾರಲ್ರೀ' ಎಂದು ಹೆಂಗಸರು ಅವರ ಹೆಂಡತಿ ಬದ್ರುನ್ನೀಸಾಳನ್ನು ಛೇಡಿಸುತ್ತಿದ್ದರು. ಮಕ್ಕಳಿಲ್ಲದ ಆಕೆ ನಗುತ್ತಿದ್ದಳು.

ಅದೇ ಬಟ್ಟೆಯಲ್ಲಿ ಒರೆಸಿ ಒರೆಸಿ ಈ ಮನುಷ್ಯ ಒರೆಸಬಾರದ್ದನ್ನೂ ಒರೆಸಿಬಿಟ್ಟ. ಒಳ್ಳೆಯದು ಮಾಡುತ್ತೇನೆಂದು ಹೊರಟವರು ಮಾಡುವ ಕೇಡಿಗೆ ಮದ್ದಿಲ್ಲ. ಕೆಟ್ಟವನಾದರೆ ಬೈದು ಸುಮ್ಮನಾಗಬಹುದು.

ಸಾಬರ ಅಂಗಡಿಯ ಎದುರು ಮನೆ ಗುರುಶಾಂತಮ್ಮನದು. ಗಂಡ ಹೋದ ಮೇಲೆ ರವಿಕೆ ಹೊಲಿದು ಒಬ್ಬಳೇ ಮಗಳು ಪಂಕಜಾಕ್ಷಿಯನ್ನು ಸಾಕಿದವಳು. ಹುಡುಗಿ ಮಠದಲ್ಲಿ ಸೋಮವಾರದ ಭಜನೆಗೆ ಹಾಡುತ್ತಿದ್ದಳು. ಅವಳನ್ನು ಮೊದಲ ಸಲ ಮೈಕಿನ ಮುಂದೆ ನಿಲ್ಲಿಸಿದವರು ಜಮಾಲ್ ಸಾಬರೇ. ಅಮೃತಾಪುರದಲ್ಲಿ ಒಂದು ಮದುವೆ. ಹಸೆಗೆ ಕರೆಯುವ ಹೊತ್ತಿಗೆ ಹಾಡಬೇಕಾದ ಅಜ್ಜಿಗೆ ಗಂಟಲು ಕಟ್ಟಿಕೊಂಡಿತು. 'ನೀನು ಹಾಡವ್ವ' ಎಂದು ಸಾಬರು ಮೈಕನ್ನು ಅವಳ ಬಾಯಿಯ ಎತ್ತರಕ್ಕೆ ಇಳಿಸಿದರು. ಹುಡುಗಿ ಹಾಡಿದಳು. ಊಟಕ್ಕೆ ಕೂತವರು ಎಲೆಯ ಮೇಲಿನ ಕೈ ಎತ್ತಿ ಹಿಡಿದುಕೊಂಡು ಕೇಳಿದರು. ಅಂದಿನಿಂದ ಅವಳು ಸಾಬರನ್ನು ಮಾವ ಎಂದು ಕರೆದಳು, ಸಾಬರು ಸಂತೆಯಿಂದ ತರುವ ಕಡಲೆಪುರಿಯಲ್ಲಿ ಅವಳದೊಂದು ಪಾಲು ಇದ್ದೇ ಇರುತ್ತಿತ್ತು.

ಎಂಬತ್ತೊಂದನೇ ಇಸವಿಯ ಕಾರ್ತೀಕದಲ್ಲಿ ತರೀಕೆರೆಯ ಷಡಕ್ಷರಿ ಬಂದ. ಮದ್ರಾಸಿನ ಸ್ಟುಡಿಯೋಗಳಲ್ಲಿ ಹಾರ್ಮೋನಿಯಂ, ಅಕಾರ್ಡಿಯನ್ ನುಡಿಸಿಕೊಂಡು, ಒಬ್ಬ ಸಂಗೀತ ನಿರ್ದೇಶಕನಿಗೆ ಸಹಾಯಕನಾಗಿದ್ದವನು. ತಂಗಿಯ ಮದುವೆಯಲ್ಲಿ ಪಂಕಜಾಕ್ಷಿಯ ಹಾಡು ಕೇಳಿ, ನೇರ ಗುರುಶಾಂತಮ್ಮನ ಮನೆಗೇ ಬಂದು ಕೂತ.

"ಸಿನಿಮಾಕ್ಕೆ ಒಂದು ಹಾಡು ಐತೆ ಅಮ್ಮಾ. ಪಾಪ್ ಸಾಂಗ್ ಅಂತಾರೆ, ಈಗಿನ ಹುಡುಗರ ಹಾಡು. ಸಿನಿಮಾಕ್ಕಿಂತ ಮುಂಚೆ ಅದೊಂದನ್ನೇ ಪ್ಲೇಟು ಮಾಡಿ ಬಿಡ್ತಾರೆ. ನಿಮ್ಮ ಹುಡುಗಿ ಹಾಡಿದ್ರೆ ಚೆನ್ನಾಗಿರ್ತದೆ."

"ಕುಣಿಯೋ ಹಾಡೇನಪ್ಪಾ?" ಎಂದಳು ಗುರುಶಾಂತಮ್ಮ.

"ಕುಣಿಯೋದು ಸಿನಿಮಾದೋಳು. ಇವಳು ಹಾಡೋದು ಅಷ್ಟೇಯಾ."

ಗುರುಶಾಂತಮ್ಮನಿಗೆ ಮನಸ್ಸಿಲ್ಲ. ಮಠದವರು ಏನೆಂದಾರು, ನಾಳೆ ಗಂಡಿನ ಕಡೆಯವರು ಏನೆಂದಾರು ಎಂದು ಎರಡು ದಿನ ಸೂಜಿಗೆ ದಾರ ಪೋಣಿಸದೆ ಕೂತಳು. ಕೊನೆಗೆ ಅವಳನ್ನು ಒಪ್ಪಿಸಿದ್ದು ಜಮಾಲ್ ಸಾಬರು. "ದನಿಗೆ ಮಡಿ ಮೈಲಿಗೆ ಐತೇನಮ್ಮಾ? ಈ ದನಿ ಅಜ್ಜಂಪುರದಾಗೇ ಕೊಳೀಲಿ ಅಂತೀರಾ?" ಎಂದರು. ಆ ಮಾತು ಅವರದೇ. ಮುಂದೆ ಎಷ್ಟೋ ಸಲ ನೆನಪಿಗೆ ಬಂದು ಅವರನ್ನು ಚುಚ್ಚಿತು.

ತಾಯಿ ಮಗಳು ಇಬ್ಬರೂ ಮದ್ರಾಸಿಗೆ ಹೋದರು. ಸ್ಟುಡಿಯೋ ಒಳಗೆ ತಾಯಿಯನ್ನು ಬಿಡಲಿಲ್ಲ. ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಆರು ಗಂಟೆ ಕೂತಳು. ಮೆತ್ತೆ ಹೊದೆಸಿದ ಆ ಗೋಡೆಗಳಿಂದ ಒಂದು ಸ್ವರವೂ ಹೊರಗೆ ಬರಲಿಲ್ಲ. ಮಗಳು ಮಾತ್ರ ಬೆವೆತು, ಕೆಂಪಗಾಗಿ, ನಗುತ್ತಾ ಹೊರಗೆ ಬಂದಳು. ಕೈಯಲ್ಲೊಂದು ಕ್ಯಾಸೆಟ್ಟು. ಹಾಡಿದ್ದನ್ನು ಅದಕ್ಕೆ ಇಳಿಸಿ ಷಡಕ್ಷರಿಯೇ ನೆನಪಿಗೆಂದು ಕೊಟ್ಟಿದ್ದ. "ಅವ್ವಾ, ಪಂಕಜಾಕ್ಷಿ ಅನ್ನೋ ಹೆಸರು ಈ ಹಾಡಿಗೆ ಒಪ್ಪಲ್ವಂತೆ. ಪ್ಲೇಟಿನ ಮೇಲೆ ಬೇರೆ ಸ್ಟೈಲಾದ ಹೆಸರು ಹಾಕ್ಬೇಕಾಗ್ತದೆ ಅಂತ ಅಲ್ಲಿಯೋರು ನಗಾಡ್ತಿದ್ರು" ಎಂದಳು. ನಗಾಡಿದವರು ನಗಾಡಿದರು, ಕೇಳಿದವಳು ನಂಬಿದಳು. ಊರಿಗೆ ಬಂದು ಹೇಳಿದಾಗ ನಾವೂ ನೀವೂ ನಂಬುವ ಹಾಗೆ ಎಲ್ಲರೂ ನಂಬಿದರು.

ಇಡೀ ಬೀದಿಗೆ ಟೇಪ್ ರೆಕಾರ್ಡರು ಇದ್ದದ್ದು ಜಮಾಲ್ ಸಾಬರ ಅಂಗಡಿಯಲ್ಲಿ ಮಾತ್ರ. ಅಂದು ನಾಲ್ವರೂ ಬಾಗಿಲು ಮುಂದೆ ಮಾಡಿಕೊಂಡು ಕೇಳಿದರು. ಮೊದಲು ಗುಂಯ್ ಎಂಬ ಸದ್ದು, ಯಾರೋ ನಡೆದಾಡಿದ್ದು, ಒಂದು ಗಿಟಾರು, ಒಂದು ಡ್ರಮ್ಮು. ಆಮೇಲೆ ಹುಡುಗಿಯ ದನಿ: 'ಗಾಳಿ ಗಾಳಿ ನಿಲ್ಲೇ, ನನ್ನ ಹೆಸರ ಹೇಳಿ ಹೋಗೇ.' ನಡುವೆ ಲಲಲಾ ಎಂಬ ಇಂಗ್ಲಿಷಿನ ವೈಯಾರ. ಆದರೆ 'ನಿಲ್ಲೇ' ಎನ್ನುವಲ್ಲಿ ಗುರುಶಾಂತಮ್ಮ ಜೋಗುಳ ಹಾಡುವಾಗ ಎಳೆಯುತ್ತಿದ್ದ ಎಳೆತವನ್ನೇ ಹುಡುಗಿ ತಂದು ಕೂರಿಸಿದ್ದಳು. ಕುಣಿಯುವ ಹಾಡಿನೊಳಗೆ ತೊಟ್ಟಿಲು ತೂಗಿದಂತೆ ಇತ್ತು. ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು. ಒಂದು ಉಸಿರು. ಆಮೇಲೆ ಹುಡುಗಿ ಯಾರನ್ನೋ ಕೇಳುತ್ತಾಳೆ: "ಸಾರ್, ಸರಿ ಹೋಯ್ತಾ? ಇನ್ನೊಂದ್ಸಲ ಹಾಡ್ಲಾ?"

"ಸರಿ ಹೋಯ್ತು ಕಣವ್ವ. ಸಾಕು, ಉಣ್ಣಾಕೆ ಬಾ" ಎಂದು ಗುರುಶಾಂತಮ್ಮ ಟೇಪ್ ರೆಕಾರ್ಡರಿಗೇ ಉತ್ತರ ಕೊಟ್ಟಳು. ನಾಲ್ವರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಕೇಳಿದಾಗಲೆಲ್ಲ ಅದೊಂದು ಆಟವೇ ಆಯಿತು. ಹಾಡಿಗಿಂತ ಆ ಪ್ರಶ್ನೆಗೇ ಕಾಯುತ್ತಿದ್ದರು. ಪಂಕಜಾಕ್ಷಿ ಕ್ಯಾಸೆಟ್ಟಿನ ಮೇಲೆ ತನ್ನ ಹೆಸರನ್ನು ಗುಂಡಗೆ ಬರೆದು, "ಮಾವ, ನಿಮ್ಮತ್ರಾನೇ ಇರ್ಲಿ. ನಮ್ಮನೇಲಿ ಜಿರಳೆ ಕಾಟ" ಎಂದು ಕೊಟ್ಟಳು. ಧೂಳಿಲ್ಲದ ಜಾಗವೆಂದರೆ ಅದೊಂದೇ ಎಂದು ಅವಳಿಗೂ ಗೊತ್ತಿತ್ತು.

ಮುಂದೆ ಬಂದ ಶಿವರಾತ್ರಿಗೆ ಎಂಟು ದಿನ ಇರುವಾಗ ಹುಡುಗಿಯ ಕಣ್ಣುಗಳು ಹಳದಿಯಾದವು. ನಾಟಿ ಔಷಧ ಕೊಡಿಸಿದರು, ಉಪ್ಪಿಲ್ಲದ ಪಥ್ಯ ಮಾಡಿಸಿದರು, ಕೊನೆಗೆ ಆಸ್ಪತ್ರೆಗೂ ಹೊತ್ತರು. ಕಾಮಾಲೆ ಹದಿನೆಂಟು ದಿನದಲ್ಲಿ ಮುಗಿಸಿತು. ಹತ್ತೊಂಬತ್ತು ವರ್ಷದ ಹೆಣ್ಣುಮಗಳನ್ನು ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಜಮಾಲ್ ಸಾಬರೂ ಮೂರು ಹಿಡಿ ಮಣ್ಣು ಹಾಕಿ, ಮನೆಗೆ ಬಂದು, ಕೈ ತೊಳೆಯದೆ ಗೋಡೆಗೆ ಒರಗಿ ಕೂತರು. ಧೂಳಾದ ಕೈಯಲ್ಲಿ ಅವರು ಅಷ್ಟು ಹೊತ್ತು ಕೂತದ್ದನ್ನು ಬದ್ರುನ್ನೀಸಾ ಅದೇ ಮೊದಲು ನೋಡಿದ್ದು.

ಗುರುಶಾಂತಮ್ಮ ಒಂದು ವರ್ಷ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಹೊಲಿಗೆ ಯಂತ್ರವನ್ನು ಕಿಟಕಿಯಿಂದ ಎತ್ತಿ ಒಳಮನೆಗೆ ಹಾಕಿಕೊಂಡಳು. ಮಗಳ ದನಿ ಕಿವಿಗೆ ಬಿದ್ದರೆ ಎದೆ ಒಡೆದುಹೋಗುತ್ತದೆ ಎಂದು ಬದ್ರುನ್ನೀಸಾಳ ಹತ್ತಿರ ಹೇಳಿದಳಂತೆ.

ಆ ವರ್ಷದ ಮಧ್ಯೆ ಪ್ಲೇಟು ಬಂತು. ಕಡೂರಿನ ಅಂಗಡಿಯಲ್ಲಿ ಜಮಾಲ್ ಸಾಬರ ಕಣ್ಣಿಗೆ ಬಿತ್ತು. 'ಗಾಳಿ ಗಾಳಿ ನಿಲ್ಲೇ'. ಕೆಳಗೆ, ಗಾಯಕಿ: ಕುಮಾರಿ ನೀಲಿಮಾ. ಸಾಬರು ಅಂಗಡಿಯಲ್ಲೇ ನಿಂತು ಅತ್ತರು. ಮನೆಗೆ ತಂದು, "ನೋಡೇ ಬದ್ರು, ಹೇಳಿದಂಗೇ ಮಾಡವ್ರೆ. ಹೆಸರು ಇಟ್ಟೇಬಿಟ್ಟವ್ರೆ ನಮ್ ಹುಡುಗಿಗೆ" ಎಂದರು.

ಪ್ಲೇಟು ಹಾಕಿದರು. ಪಿಟೀಲುಗಳೇ ಹತ್ತಿಪ್ಪತ್ತು, ತುತ್ತೂರಿ, ದನಿಯ ಹಿಂದೆ ದನಿ ಬರುವ ಏರ್ಪಾಟು. 'ನಿಲ್ಲೇ' ಎನ್ನುವಲ್ಲಿ ಅದೇ ಜೋಗುಳದ ಎಳೆತ.

"ದನಿ ಸ್ವಲ್ಪ ಸಣ್ಣಗಿಲ್ವಾ?" ಎಂದಳು ಬದ್ರುನ್ನೀಸಾ.

"ಮದ್ರಾಸಿನ ಮಿಷಿನ್ನು ಅಂದ್ರೆ ಏನಂದ್ಕೊಂಡೆ? ಕಬ್ಬಿನ ಹಾಲು ಸೋಸ್ದಂಗೆ ಸೋಸ್ತದೆ" ಎಂದು ಸಾಬರು ಅವಳ ಬಾಯಿ ಮುಚ್ಚಿಸಿದರು. ಹೆಂಡತಿ ಹೇಳಿದ್ದನ್ನು ಆ ದಿನ ಕೇಳಿದ್ದರೆ ಈ ಕತೆ ಇರುತ್ತಿರಲಿಲ್ಲ. ಗಂಡಸರ ಹಣೆಬರಹವೇ ಅಷ್ಟು.

ಸಿನಿಮಾ ತರೀಕೆರೆಯಲ್ಲಿ ಒಂದು ವಾರಕ್ಕೆ ಮಕಾಡೆ ಮಲಗಿತು. ಹಾಡು ಮಾತ್ರ ಎದ್ದು ನಿಂತಿತು. ಸಿಂಗಟಗೆರೆಯ ಮದುವೆಯಿರಲಿ, ಸಖರಾಯಪಟ್ಟಣದ ಗೃಹಪ್ರವೇಶವಿರಲಿ, ಅದು ಬೇಕೇ ಬೇಕು. ಹಾಕುವ ಮೊದಲು ಸಾಬರು ಮೈಕಿನಲ್ಲಿ ಹೇಳುತ್ತಿದ್ದರು: "ಈ ಹಾಡು ಹಾಡಿದೋಳು ನಮ್ಮ ಅಜ್ಜಂಪುರದ ಮಗಳು. ಈಗ ಇಲ್ಲ."

ಹುಡುಗಿ ಹೋಗಿ ವರ್ಷ ತುಂಬುವ ದಿನದ ಗಣಾರಾಧನೆ ಹತ್ತಿರ ಬಂತು. ಅದಾದ ಮೇಲಾದರೂ ಗುರುಶಾಂತಮ್ಮನಿಗೆ ಮಗಳ ಹಾಡು ಕೇಳಿಸಬೇಕು ಎಂದು ಸಾಬರಿಗೆ ಆಸೆ. ಕ್ಯಾಸೆಟ್ಟು ತೆಗೆದು ಹಾಕಿ ನೋಡಿದರು. ಪ್ಲೇಟು ಕೇಳಿದ ಕಿವಿಗೆ ಇದು ಕೊಳಕಾಗಿ ಕಂಡಿತು. ಗುಂಯ್ ಎಂಬ ಸದ್ದು, ಯಾರದೋ ಹೆಜ್ಜೆ, ಕೊನೆಯಲ್ಲಿ ಹಾಡಿಗೆ ಸಂಬಂಧವಿಲ್ಲದ ಮಾತು. ಅದೇ ಹುಡುಗಿ ಅದೇ ಹಾಡನ್ನು ಪ್ಲೇಟಿನಲ್ಲಿ ಕನ್ನಡಿಯ ಹಾಗೆ ಹಾಡಿರುವಾಗ ತಾಯಿಗೆ ಈ ಧೂಳು ಹಿಡಿದದ್ದನ್ನು ಯಾಕೆ ಕೇಳಿಸಬೇಕು? ಹೊಸ ಕ್ಯಾಸೆಟ್ಟು ಕೊಳ್ಳಬಹುದಿತ್ತು. ಆದರೆ ಇದು ಹುಡುಗಿಯ ಕೈಯಿಂದ ಬಂದದ್ದು, ಅವಳ ಗುಂಡನೆಯ ಅಕ್ಷರ ಮೇಲಿರುವುದು. ಅವಳ ಕ್ಯಾಸೆಟ್ಟಿನಲ್ಲೇ ಅವಳ ಹಾಡು ಸಾಫಾಗಿ ಇರಲಿ ಎಂದುಕೊಂಡರು.

ಮಟಮಟ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿದರು. ಬದ್ರುನ್ನೀಸಾಗೆ ಒಗ್ಗರಣೆ ಹಾಕಬೇಡ ಎಂದು ಅಪ್ಪಣೆಯಾಯಿತು. ಪ್ಲೇಟನ್ನು ಎರಡು ಸಲ ಒರೆಸಿ, ಹೊಸ ಮುಳ್ಳು ಸಿಕ್ಕಿಸಿ, ಡಬ್ಬಿ ಸ್ಪೀಕರಿನ ಎದುರು ಟೇಪ್ ರೆಕಾರ್ಡರು ಇಟ್ಟು, ಹಳೆಯದರ ಮೇಲೇ ಹೊಸದನ್ನು ಹಿಡಿಯಲು ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿದರು. ಹಾಡು ಮುಗಿಯುವವರೆಗೆ ಉಸಿರು ಬಿಗಿಹಿಡಿದು ನಿಂತರು. ಮುಳ್ಳನ್ನು ಎತ್ತಿದ ಕೂಡಲೇ, ಅಷ್ಟು ಹೊತ್ತು ಅದುಮಿಟ್ಟಿದ್ದ ಕೆಮ್ಮು ಒತ್ತರಿಸಿಕೊಂಡು ಬಂತು. ಹಾಡಾದ ಮೇಲೆ ತಾನೇ, ಇರಲಿ ಎಂದುಕೊಂಡರು. ಕೊನೆಯ ಮಾತೂ ಅಳಿಸಿಹೋಗಲಿ ಎಂದು ಟೇಪನ್ನು ಇನ್ನೂ ಸ್ವಲ್ಪ ಹೊತ್ತು ಓಡಲು ಬಿಟ್ಟರು. ಅವರ ಕೆಲಸದಲ್ಲಿ ಅರೆಬರೆ ಎಂಬುದಿಲ್ಲ.

ಗಣಾರಾಧನೆಯ ಮಾರನೆಯ ದಿನ, ಸೋಮವಾರ, ಮಠಕ್ಕೆ ಹೋಗಿ ಬರುತ್ತಾ ಗುರುಶಾಂತಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು. ಸಾಬರು ಸ್ಟೂಲು ಒರೆಸಿ ಕೊಟ್ಟರು, ಹಾಡು ಹಾಕಿದರು. ಅವಳು ಅಲುಗಾಡದೆ ಕೇಳಿದಳು. ಹಿಂದಿದ್ದ ಗಿಟಾರಿನ ಜಾಗದಲ್ಲಿ ಪಿಟೀಲುಗಳಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ, ವರ್ಷವಾದ ಮೇಲೆ ಕೇಳುವವಳಿಗೆ 'ನಿಲ್ಲೇ' ಎಂಬ ಆ ಎಳೆತವೊಂದೇ ಸಾಕಾಗಿತ್ತು. ಮಡಿಲ ಮೇಲೆ ಬೆರಳೊಂದು ಮಾತ್ರ ತಾಳ ಹಾಕುತ್ತಿತ್ತು. ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು. ಹಾಡು ಮುಗಿದದ್ದೇ ಸಾಬರು ಗುಂಡಿ ಒತ್ತಿ ನಿಲ್ಲಿಸಿದರು.

ಅವಳು ಕಾದಳು. "ಕೊನೆಗೊಂದು ಮಾತಿತ್ತಲ್ವಾ ಸಾಬ್ರೇ?"

"ಅದನ್ನ ತೆಗೆದ್ಬಿಟ್ಟೆ ಕಣಮ್ಮಾ. ಹಾಡಿನಾಗೆ ಅಂಥವೆಲ್ಲಾ ಇರಬಾರ್ದು. ಪೂರಾ ಸಾಫ್ ಮಾಡಿದೀನಿ."

"ಹೌದಾ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇರ್ಲಿ ಬಿಡಿ. ಹಾಡು ಐತಲ್ಲ" ಎಂದಳು.

ಆಗಲೇ ಸಾಬರಿಗೆ ಒಂದು ಮುಳ್ಳು ನಾಟಿತು. ಆ ಮಾತು ಧೂಳಲ್ಲ, ಹುಡುಗಿ ಎಂದು ಹೊಳೆಯಿತು. ಆದರೆ ಹಾಡಿದೆಯಲ್ಲ ಎಂದು ಅವಳೇ ಹೇಳಿದ್ದಾಳೆ. ಅದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಂಡರು. ಅಂದಿನಿಂದ ನಾಲ್ಕು ವರ್ಷ, ಒಂದು ಸೋಮವಾರವನ್ನೂ ಅವಳು ತಪ್ಪಿಸಲಿಲ್ಲ. ಮಠದಿಂದ ಬರುವುದು, ಸ್ಟೂಲಿನ ಮೇಲೆ ಕೂರುವುದು, ಮಗಳ ಹಾಡು ಕೇಳುವುದು, ಎದ್ದು ಹೋಗುವುದು. ಹೊಲಿಗೆ ಯಂತ್ರ ಮತ್ತೆ ಕಿಟಕಿಗೆ ಬಂತು. ಈ ಒಂದು ಹಾಡು ಆ ಹೆಂಗಸಿನ ಜೀವ ಹಿಡಿದಿದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದು ನಿಜವೇ ಆಗಿತ್ತು.

ಎಂಬತ್ತೇಳನೇ ಇಸವಿ, ಸಂಕ್ರಾಂತಿ ಕಳೆದು ಎರಡು ದಿನ. ಗುರುಶಾಂತಮ್ಮ ಸೋಮವಾರವಲ್ಲದಿದ್ದರೂ ಅಂಗಡಿಗೆ ಬಂದಳು. ಗೋಡೆಯಿಂದ ಕಿತ್ತ ಪೋಸ್ಟರೊಂದು ಕೈಯಲ್ಲಿತ್ತು.

"ಇದನ್ನ ಓದಿ ಸಾಬ್ರೇ. ನನ್ನ ಮಗಳ ಪ್ಲೇಟಿನ ಹೆಸರಿಟ್ಕಂಡು ಯಾವಳೋ ಕಡೂರಿಗೆ ಹಾಡಾಕೆ ಬತ್ತಾವಳೆ."

ಕಡೂರಿನ ಟಾಕೀಸಿನಲ್ಲಿ ಭಾನುವಾರ ಹಗಲು ಎರಡೂವರೆಗೆ ಆರ್ಕೆಸ್ಟ್ರಾ. 'ಗಾಳಿ ಗಾಳಿ ನಿಲ್ಲೇ ಖ್ಯಾತಿಯ ಕುಮಾರಿ ನೀಲಿಮಾ ಅವರಿಂದ'. ಪಕ್ಕದಲ್ಲಿ ತುಂಬಿದ ಕೆನ್ನೆಯ ಹೆಂಗಸೊಬ್ಬಳ ಫೋಟೋ. ಜಮಾಲ್ ಸಾಬರು ಆ ಫೋಟೋವನ್ನು ಎರಡೆರಡು ಸಲ ನೋಡಿದರು.

"ಯಾರೋ ಮೋಸಗಾರರು ಕಣಮ್ಮಾ, ಬಿಡಿ" ಎಂದರು.

"ಬಿಡದು ಹೆಂಗೆ? ಸತ್ತೋಳ ಹೆಸರನ್ನ ಕದ್ರೆ ಕೇಳೋರು ಯಾರು? ನಾನು ಕೇಳ್ತೀನಿ. ನೀವು ಬರ್ದಿದ್ರೆ ಒಬ್ಬಳೇ ಹೋಗ್ತೀನಿ."

ಭಾನುವಾರ ಬೆಳಿಗ್ಗೆ ಮೂವರೂ ರೈಲು ಹತ್ತಿದರು. ಬದ್ರುನ್ನೀಸಾ ಬುರ್ಖಾದೊಳಗಿಂದ ಗಂಡನ ಮುಖ ನೋಡುತ್ತಲೇ ಇದ್ದಳು. ಸಾಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಗುರುಶಾಂತಮ್ಮ ಮಾತ್ರ ಜಗಳಕ್ಕೆ ಹೊರಟವಳ ಹುರುಪಿನಲ್ಲಿ, ಏನೇನು ಕೇಳಬೇಕೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಟಾಕೀಸಿನ ಹಿಂಬಾಗಿಲಲ್ಲಿ ಕೀಬೋರ್ಡಿನ ವೈರು ಜೋಡಿಸುತ್ತಾ ನಿಂತವನು ಷಡಕ್ಷರಿ. ತಲೆ ಅರ್ಧ ನರೆತಿತ್ತು. ಗುರುಶಾಂತಮ್ಮನನ್ನು ಕಂಡು ವೈರು ಕೈಬಿಟ್ಟ. ಅವಳು ಪೋಸ್ಟರನ್ನು ಮುಖಕ್ಕೆ ಹಿಡಿದಳು. ಅವನು ಅದನ್ನು ನೋಡಲೇ ಇಲ್ಲ, ಬಗ್ಗಿ ಅವಳ ಕಾಲು ಮುಟ್ಟಿದ.

"ತಪ್ಪಾಯ್ತು ಅಮ್ಮಾ. ಪ್ಲೇಟಿನಾಗಿರೋದು ಪಂಕಜನ ದನಿ ಅಲ್ಲ. ಈ ನೀಲಿಮಾ ಅವರದ್ದೇ."

ಗುರುಶಾಂತಮ್ಮನಿಗೆ ಅರ್ಥವಾಗಲಿಲ್ಲ. ಅವನು ತಡವರಿಸುತ್ತಾ ಬಿಡಿಸಿ ಹೇಳಿದ. "ನಮ್ಮಲ್ಲಿ ಟ್ರ್ಯಾಕ್ ಅಂತ ಹಾಡಿಸ್ತೀವಿ. ಹಾಡಬೇಕಾದ ಗಾಯಕಿ ಪುರುಸೊತ್ತಾಗಿ ಬರೋವರೆಗೂ ಶೂಟಿಂಗ್ ಕಾಯಲ್ಲ. ಅದಕ್ಕೇ ಬೇರೆಯವರ ಕೈಲಿ ಹಾಡ್ಸಿ ಇಟ್ಕಳೋದು. ಬಸ್ಸಿನಾಗೆ ಟವಲ್ ಹಾಕಿ ಸೀಟ್ ಹಿಡಿಯಲ್ವಾ, ಹಂಗೆ. ಆಮೇಲೆ ಇವರು ಬಂದು ಅದನ್ನ ಕೇಳಿ ಕಲ್ತು, ಅದೇ ಜಾಗಕ್ಕೆ ಹಾಡ್ತಾರೆ. ಆ 'ನಿಲ್ಲೇ' ಅನ್ನೋ ಎಳೆತ ಇವರಿಗೆ ಭಾಳ ಹಿಡಿಸ್ತು. ಹಂಗೇ ಇಟ್ಕಂಡ್ರು."

"ನನ್ನ ಮಗಳಿಗೆ ಇದು ಗೊತ್ತಿತ್ತಾ?"

"ಇಲ್ಲ ಅಮ್ಮಾ. ಅಷ್ಟು ಖುಷಿಯಾಗಿದ್ಲು, ಹೇಳೋಕೆ ಬಾಯಿ ಬರ್ಲಿಲ್ಲ. ಪ್ಲೇಟು ಬರೋದ್ರೊಳಗೆ ನಿಜವಾಗ್ಲೂ ಒಂದು ಹಾಡು ಕೊಡ್ಸೋಣ ಅಂತಿದ್ದೆ. ಅಷ್ಟರಾಗೆ ಹಿಂಗಾಗೋಯ್ತು." ಅವನು ಕಣ್ಣೊರೆಸಿಕೊಂಡ. "ಮದ್ರಾಸಿನಾಗೆ ಅವಳ ಟ್ರ್ಯಾಕ್ ಆವಾಗ್ಲೇ ಅಳಿಸಿಬಿಟ್ರು. ಉಳಿದಿರೋದು ಒಂದೇ, ನಾನು ಕ್ಯಾಸೆಟ್ಟಿಗೆ ಇಳ್ಸಿ ಕೊಟ್ಟಿದ್ದು. ಅದನ್ನ ಜೋಪಾನ ಮಾಡಿ."

ಗುರುಶಾಂತಮ್ಮ ಅಲ್ಲೇ ಇದ್ದ ತಗಡಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಆಮೇಲೆ ಮೆಲ್ಲಗೆ ಮುಖ ಎತ್ತಿದಳು. ಆ ಮುಖದಲ್ಲಿ ಬೆಳಕಿತ್ತು. ಜಮಾಲ್ ಸಾಬರು ತಮ್ಮ ಜನ್ಮದಲ್ಲಿ ಅಂಥ ಭಯ ಹುಟ್ಟಿಸುವ ಬೆಳಕನ್ನು ಕಂಡಿರಲಿಲ್ಲ.

"ಅದು ನಮ್ ಸಾಬ್ರತ್ರ ಐತಲ್ಲಪ್ಪಾ!" ಎಂದಳು. "ಪ್ಲೇಟು ಯಾವಳದಾದ್ರೂ ಆಗ್ಲಿ, ನಂಗೇನಾಗ್ಬೇಕು? ನಾನು ವಾರವಾರ ಕೇಳೋದು ಕ್ಯಾಸೆಟ್ಟು. ಒಂದು ಧೂಳು ಕೂರಕ್ಕೆ ಬಿಡದಂಗೆ ಇಟ್ಟವ್ರೆ ನಮ್ ಸಾಬ್ರು."

"ನಿಮ್ಮ ಪುಣ್ಯ ಸಾಬ್ರೇ" ಎಂದು ಷಡಕ್ಷರಿ ಕೈಮುಗಿದ.

ಬದ್ರುನ್ನೀಸಾ ಗಂಡನ ಅಂಗಿಯ ತುದಿಯನ್ನು ಹಿಂದಿನಿಂದ ಹಿಡಿದುಕೊಂಡಳು. ಬೀಳದಂತೆ ಹಿಡಿದಳೋ, ಮಾತಾಡದಂತೆ ಹಿಡಿದಳೋ, ಅವಳಿಗೇ ಗೊತ್ತು.

ಷಡಕ್ಷರಿ ಮೂವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ. ಕುಮಾರಿ ನೀಲಿಮಾ ಬಂದಳು. ಮೂವತ್ತೈದು ದಾಟಿದ, ಬಸ್ಸಿನ ಪ್ರಯಾಣದಲ್ಲಿ ಬಳಲಿದ ಹೆಂಗಸು. ಅವಳ ಮೇಲೆ ಸಿಟ್ಟು ಮಾಡಲು ಯಾರಿಗೂ ಆಗುತ್ತಿರಲಿಲ್ಲ. 'ಗಾಳಿ ಗಾಳಿ ನಿಲ್ಲೇ' ಎಂದಾಗ ಟಾಕೀಸು ಶಿಳ್ಳೆಯಲ್ಲಿ ಮುಳುಗಿತು. ಗುರುಶಾಂತಮ್ಮ ಕತ್ತು ಓರೆ ಮಾಡಿ, ಬಟ್ಟೆಯ ನೇಯ್ಗೆ ನೋಡುವವಳ ಹಾಗೆ, ಒಂದೊಂದು ಎಳೆಯನ್ನೂ ಹಿಡಿದು ಕೇಳಿದಳು.

"ಚೆನ್ನಾಗೇ ಹಾಡ್ತಾಳೆ ಪಾಪ" ಎಂದಳು ಕೊನೆಗೆ. "ಆದ್ರೆ ನಮ್ ಪಂಕಜನಂಗಲ್ಲ."

ವಾಪಸು ಬರುವಾಗ ರೈಲಿನಲ್ಲಿ ಅವಳಿಗೆ ಮಾತೇ ಮಾತು. "ಸಾಬ್ರೇ, ಇವತ್ತು ಸೋಮವಾರ ಅಲ್ದಿದ್ರೂ ಪರ್ವಾಗಿಲ್ಲ, ಹೋದ ಕೂಡ್ಲೆ ಒಂದ್ಸಲ ಹಾಕ್ರಿ. ಇವಳದ್ದು ಕೇಳಾಯ್ತಲ್ಲ. ಈಗ ನನ್ನ ಮಗಳದ್ದು ಕೇಳಿದ್ರೆ ಎಲ್ಲೆಲ್ಲಿ ಬ್ಯಾರೆ ಐತೆ ಅಂತ ಗೊತ್ತಾಗ್ತದೆ."

"ನಾಳೆ ಹಾಕೋಣ ಅಮ್ಮಾ. ದಣಿದೀರಿ."

"ದಣಿವೇನು ಬಂತು? ಒಂದ್ಸಲ ಅಷ್ಟೇಯಾ."

ಬದ್ರುನ್ನೀಸಾ ಮನೆಮಾತಾದ ದಖನಿಯಲ್ಲಿ ಪಿಸುಗುಟ್ಟಿದಳು: ಮಿಷಿನ್ನು ಕೆಟ್ಟಿದೆ ಅನ್ನಿ, ಟೇಪು ಸಿಕ್ಕಿಕೊಂಡು ಹರಿದುಹೋಯಿತು ಅನ್ನಿ, ಏನಾದರೂ ಅನ್ನಿ, ಅವಳು ಉಳಿಯಲಿ. ಸಾಬರಿಗೂ ಅದೇ ಹೊಳೆದಿತ್ತು. ಬೀರೂರು ದಾಟುವಷ್ಟರಲ್ಲಿ ನೂರು ಸುಳ್ಳು ಹೊಸೆದು ನೂರನ್ನೂ ಬಿಟ್ಟರು. ಹರಿದುಹೋಯಿತು ಎಂದರೆ ಅವಳ ಬಾಳೂ ಹರಿಯುತ್ತದೆ. ಇದೆ ಎಂದರೆ ಸೋಮವಾರ ಸೋಮವಾರ ಈ ಬೆಳಕಿನ ಮುಖದ ಮುಂದೆ ಕಳ್ಳನಾಗಿ ಕೂರಬೇಕು. ಯಾವ ದಾರಿ ಹಿಡಿದರೂ ಅದರ ಕೊನೆಯಲ್ಲಿ ತಾವೇ ನಿಂತಿದ್ದರು, ಕೈಯಲ್ಲಿ ಬನಿಯನ್ ಬಟ್ಟೆ ಹಿಡಿದುಕೊಂಡು.

ಹೊತ್ತು ಮುಳುಗುವ ಮೊದಲೇ ಊರು ಸೇರಿದರು. ಗುರುಶಾಂತಮ್ಮ ಎದುರಿನ ತನ್ನ ಮನೆಯ ಬೀಗವನ್ನೂ ತೆಗೆಯದೆ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಅಮ್ಮಾ ಎಂದು ಸಾಬರು ಎರಡು ಸಲ ಬಾಯಿ ತೆರೆದರು. ಮೂರನೆಯ ಸಲ ತೆರೆಯಲಿಲ್ಲ. ಬಾಯಿಂದ ಹೇಳುವ ಧೈರ್ಯವಿಲ್ಲದವರು ಗುಂಡಿ ಒತ್ತಿದರು. ಯಂತ್ರವೇ ಹೇಳಲಿ ಎಂದುಕೊಂಡರು, ಹೇಡಿಯ ಹಾಗೆ.

ಹಾಡು ಬಂತು. ಅವಳ ಬೆರಳು ಮಡಿಲ ಮೇಲೆ ತಾಳ ಹಿಡಿಯಿತು. ಒಂದು ಸಾಲು, ಎರಡು ಸಾಲು. ಬೆರಳು ನಿಂತಿತು. ಅವಳು ಕತ್ತು ಓರೆ ಮಾಡಿದಳು, ಟಾಕೀಸಿನಲ್ಲಿ ಮಾಡಿದ ಹಾಗೆ.

"ಸಾಬ್ರೇ, ಇದು ಅವಳೇ ಅಲ್ವಾ? ಈಗ ಹಾಡಿದಳಲ್ಲ, ಅವಳು."

ಸಾಬರ ಕೈ ನಿಲ್ಲಿಸುವ ಗುಂಡಿಯ ಕಡೆ ಹೋಯಿತು.

"ನಿಲ್ಲಿಸ್ಬ್ಯಾಡಿ. ಓಡ್ಲಿ."

ಹಾಡು ಮುಗಿಯಿತು. ನಾಲ್ಕು ವರ್ಷ ಅಲ್ಲಿಗೇ ನಿಲ್ಲುತ್ತಿದ್ದ ಟೇಪು ಮೊದಲ ಸಲ ಮುಂದಕ್ಕೆ ಓಡಿತು. ಸುಯ್ಯೆನ್ನುವ ಸದ್ದು. ಆಮೇಲೆ ಒಂದು ಕೆಮ್ಮು, ಗಂಡಸಿನದು, ದೊಡ್ಡದು. ಮತ್ತೆ ಸುಯ್ಯೆನ್ನುವ ಸದ್ದು.

"ಇದು ಯಾರು ಕೆಮ್ಮಿದ್ದು?"

"ನಾನು ಅಮ್ಮಾ." ಸಾಬರು ನೆಲಕ್ಕೆ ಕೂತರು. ಎಲ್ಲವನ್ನೂ ಹೇಳಿದರು. ಎರಡೂ ಒಂದೇ ಎಂದುಕೊಂಡದ್ದು, ಸಾಫು ಮಾಡಬೇಕೆಂದು ಪ್ಲೇಟಿನ ಹಾಡನ್ನೇ ಇದರ ಮೇಲೆ ಹಿಡಿದದ್ದು, ಹಾಗೆ ಹಿಡಿದರೆ ಕೆಳಗಿನದು ಅಳಿಸಿಹೋಗುತ್ತದೆ ಎಂಬುದು. ಅಂಗಡಿಯ ಹಿಂದಿನ ಬಾಗಿಲಲ್ಲಿ ಬದ್ರುನ್ನೀಸಾ ನಿಂತು ಅಳುತ್ತಿದ್ದಳು.

"ಇನ್ನೊಂದ್ಸಲ ಹಾಡ್ಲಾ ಅಂತ ಕೇಳ್ತಿದ್ದಳಲ್ಲ," ಎಂದಳು ಗುರುಶಾಂತಮ್ಮ. "ಅದು?"

"ಅದೂ ಇಲ್ಲ ಅಮ್ಮಾ."

"ಹಂಗಾದ್ರೆ ಎಲ್ಲೂ ಇಲ್ಲ."

ಅವಳು ಬೈಯುತ್ತಾಳೆಂದು ಸಾಬರು ಕಾದರು. ಬೈದಿದ್ದರೆ, ಕ್ಯಾಸೆಟ್ಟು ತೆಗೆದು ಮುಖಕ್ಕೆ ಎಸೆದಿದ್ದರೆ ಬದುಕಿಕೊಳ್ಳುತ್ತಿದ್ದರು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಮೆಟ್ಟಿಲ ಹತ್ತಿರ ಹೋಗಿ ನಿಂತಳು. ಬೆನ್ನು ಇವರ ಕಡೆಗಿತ್ತು.

"ಕಣ್ಮುಚ್ಚಿ ನೆನಸ್ಕಳ್ಳೋಣ ಅಂತ ನೋಡ್ತಾ ಇವ್ನಿ ಸಾಬ್ರೇ," ಎಂದಳು. "ಬತ್ತಾ ಇಲ್ಲ. ನಾಲ್ಕು ವರ್ಷ ಇವಳದ್ದೇ ಕೇಳಿ ಕೇಳಿ, ನನ್ನ ಮಗಳ ದನಿ ಹೆಂಗಿತ್ತು ಅನ್ನೋದೇ ಹೊಂಟೋಗದೆ. ನನ್ನ ಅವ್ವಾ ಅಂತ ಕರೆಯೋದೂ ಈಗ ಇವಳ ದನೀಲೇ ಕೇಳ್ತದೆ."

ಮೆಟ್ಟಿಲು ಇಳಿದು ಹೋದಳು. ಮರುದಿನ ಸೋಮವಾರ. ಮಠದಿಂದ ಬರುವಾಗ ಅಂಗಡಿಯ ಮುಂದೆ ಹಾಯದೆ ಹಿಂದಿನ ಓಣಿಯಲ್ಲಿ ಸುತ್ತು ಹಾಕಿಕೊಂಡು ಹಿತ್ತಲ ಬಾಗಿಲಿಂದ ಮನೆ ಸೇರಿದಳು. ಹೊಲಿಗೆ ಯಂತ್ರದ ಸದ್ದು ಆ ಕಿಟಕಿಯಿಂದ ಮತ್ತೆ ಬರಲಿಲ್ಲ.

ಜಮಾಲ್ ಸಾಬರು ಆ ಪ್ಲೇಟನ್ನು ಇನ್ಯಾವ ಮದುವೆಯಲ್ಲೂ ಹಾಕಲಿಲ್ಲ, ಒಡೆದುಹೋಯಿತು ಎಂದುಬಿಟ್ಟರು. ಕ್ಯಾಸೆಟ್ಟನ್ನು ಬಿಸಾಡಿ ಎಂದು ಬದ್ರುನ್ನೀಸಾ ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಹುಡುಗಿಯ ಕೈಬರಹ ಇರುವುದು ಅದರ ಮೇಲೆ. ಅಲ್ಲದೆ ಅಳಿಸಿದ್ದು ಪೂರಾ ಅಳಿಸಿರಲಾರದು, ಅಡಿಯಲ್ಲಿ ಎಲ್ಲೋ ಒಂದು ಚೂರು ಉಳಿದಿರಬಹುದು ಎಂಬ ಹುಚ್ಚು ಅವರಿಗೆ. ಪ್ರತಿ ಸೋಮವಾರ, ಅವಳು ಬರುತ್ತಿದ್ದ ಹೊತ್ತಿಗೆ, ಟೇಪನ್ನು ಹಾಡಿನ ಕೊನೆಗೆ ಓಡಿಸಿ, ವಾಲ್ಯೂಮನ್ನು ಪೂರ್ತಿ ತಿರುಗಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಾರೆ. ಸರಿ ಹೋಯ್ತಾ ಎಂದು ಅವಳು ಕೇಳುತ್ತಿದ್ದ ಜಾಗ ಬರುತ್ತದೆ. ಅಲ್ಲಿ ಅವರದೇ ಕೆಮ್ಮು ಕೇಳಿಸುತ್ತದೆ.